ನಿಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತಿದೆ? ಫಿಲ್ಟರ್ ಕೊಳ್ಳುವ ಮುಂಚೆ ಬೆಂಗಳೂರಿನವರು ನೋಡಬೇಕಾದ್ದು

"ಯಾವ ಫಿಲ್ಟರ್ ತಗೊಂಡ್ರೆ ಒಳ್ಳೇದು?" ಬೆಂಗಳೂರಿನ ಓದುಗರಿಂದ ವರ್ಷವಿಡೀ ಬರುವ ಪ್ರಶ್ನೆ ಇದು. ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರ್ ಶುರುವಾದಾಗ ಕೇಳುತ್ತಾರೆ, ಮಳೆಗಾಲದಲ್ಲಿ ಮಕ್ಕಳ ಹೊಟ್ಟೆ ಕೆಟ್ಟಾಗ ಕೇಳುತ್ತಾರೆ, ಬಾಡಿಗೆ ಮನೆ ಬದಲಾಯಿಸಿದಾಗಲಂತೂ ಕೇಳಿಯೇ ಕೇಳುತ್ತಾರೆ. ಇದಕ್ಕೆ ಒಂದು ಕಂಪನಿಯ ಹೆಸರು ಹೇಳಿ ಮುಗಿಸಲು ಬರುವುದಿಲ್ಲ. ಒಂದೇ ರಸ್ತೆಯ ಎರಡು ಮನೆಗಳಲ್ಲಿ ಬೇರೆ ಬೇರೆ ನೀರು ಬರುವ ಊರು ನಮ್ಮದು. ಒಂದೇ ಮನೆಯಲ್ಲೂ ಜನವರಿಯ ನೀರು ಏಪ್ರಿಲ್‌ನಲ್ಲಿ ಇರುವುದಿಲ್ಲ. ಹಾಗಾಗಿ ಮೊದಲು ನೀರನ್ನು ತಿಳಿಯಬೇಕು, ಆಮೇಲೆ ಯಂತ್ರ. ಈ ಕ್ರಮ ತಿರುಗಿಸಿದವರು ಹದಿನೈದು ಸಾವಿರ ಕೊಟ್ಟು ಬೇಡದ್ದನ್ನು ತಂದು, ಬೇಕಾದ್ದನ್ನು ಮಾಡದೇ ಬಿಡುತ್ತಾರೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್, ಕ್ಲೋರಿನ್ ಪರೀಕ್ಷೆಯ ಚಿಕ್ಕ ಕಿಟ್, ನೀರಿನಲ್ಲಿ ಕ್ರಿಮಿ ಇದೆಯೇ ಎಂದು ತೋರಿಸುವ ಎಚ್‌2ಎಸ್ ಬಾಟಲಿ, ಒಂದು ಬಿಳಿ ಬಟ್ಟಲು, ಒಂದು ಟಾರ್ಚ್. ಜೊತೆಗೆ ನೀರು ಬಿಡುವ ದಿನ ಬೆಳಿಗ್ಗೆ ಒಂದಿಷ್ಟು ಬಿಡುವು.

ಹಂತ 1: ಮೂಲ ಯಾವುದೆಂದು ಖಚಿತ ಮಾಡಿಕೊಳ್ಳಿ

ಬೆಂಗಳೂರಿನ ಮನೆಗಳಿಗೆ ಕುಡಿಯುವ ನೀರು ಬರುವುದು ಮುಖ್ಯವಾಗಿ ನಾಲ್ಕು ದಾರಿಯಲ್ಲಿ: ಕಾವೇರಿ, ಬೋರ್, ಟ್ಯಾಂಕರ್, ಕ್ಯಾನ್.

ಕಾವೇರಿ ನೀರನ್ನು ಶಿವನಸಮುದ್ರದ ಹತ್ತಿರ ನದಿಯಿಂದ ತೆಗೆದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸುತ್ತಾರೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿಸಿ ಊರಿಗೆ ತರುತ್ತಾರೆ. 1974ರಲ್ಲಿ ಮೊದಲ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ತರುವ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆಯಾಯಿತು. ಅದು ಮುಖ್ಯವಾಗಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ ಮಾಡಿದ ಯೋಜನೆ. ನದಿ ನೀರಾದ್ದರಿಂದ ಇದರಲ್ಲಿ ಕರಗಿದ ಲವಣ ಕಡಿಮೆ, ಗಡಸುತನ ಕಡಿಮೆ, ಜೊತೆಗೆ ಕ್ಲೋರಿನ್ ಬೆರೆತಿರುತ್ತದೆ. ಘಟಕದಿಂದ ಹೊರಡುವಾಗ ಇದು ಒಳ್ಳೆಯ ನೀರು. ತೊಂದರೆ ಆಗುವುದು ದಾರಿಯಲ್ಲಿ ಮತ್ತು ನಿಮ್ಮ ಮನೆಯ ಗೇಟಿನ ಒಳಗೆ.

ಬೋರ್ ನೀರಿನ ಕತೆ ಬೇರೆ. ನಮ್ಮ ಕಾಲಡಿ ಇರುವುದು ಗಟ್ಟಿ ಕಲ್ಲು. ಅದರ ಬಿರುಕುಗಳಲ್ಲಿ ನಿಂತ ನೀರನ್ನು ಹಲವು ಕಡೆ ಸಾವಿರ ಅಡಿಗೂ ಆಳದಿಂದ ಎತ್ತುತ್ತಿದ್ದೇವೆ. ಕಲ್ಲಿನ ಜೊತೆ ವರ್ಷಗಟ್ಟಲೆ ಇದ್ದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚು, ಕೆಲವು ಕಡೆ ಕಬ್ಬಿಣ, ಫ್ಲೋರೈಡ್ ಕೂಡ. ಒಳಚರಂಡಿ ಸೋರುವ, ಟಾಯ್ಲೆಟ್ ನೀರಿನ ಇಂಗುಗುಂಡಿ ಇರುವ ಬಡಾವಣೆಗಳಲ್ಲಿ ನೈಟ್ರೇಟ್ ಸೇರುತ್ತದೆ. ಟ್ಯಾಂಕರ್ ನೀರು ಅಂದರೆ ಬಹುಪಾಲು ಬೇರೆ ಯಾರದೋ ಬೋರ್ ನೀರು. ಇವತ್ತಿನ ಲೋಡ್ ಒಂದು ಕಡೆಯದು, ನಾಳೆಯದು ಇನ್ನೊಂದು ಕಡೆಯದು.

ಪತ್ತೆ ಹಚ್ಚುವುದು ಹೀಗೆ. ಜಲಮಂಡಳಿಯ ಬಿಲ್ ಬರುತ್ತದೆಯೇ ಎಂದು ಓನರ್‌ನ ಕೇಳಿ. ಬಿಲ್‌ನಲ್ಲಿ ಆರ್‌ಆರ್ ನಂಬರ್ ಇರುತ್ತದೆ. ಅದು ನಿಮ್ಮ ಸಂಪರ್ಕದ ಗುರುತು, ದೂರು ಕೊಡುವಾಗಲೂ ಬೇಕು, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಬಿಲ್ ಇದ್ದ ಮಾತ್ರಕ್ಕೆ ನೀವು ಕುಡಿಯುತ್ತಿರುವುದು ಕಾವೇರಿ ಎಂದು ತಿಳಿಯಬೇಡಿ. ನೀರು ಬಿಡುವ ಹೊತ್ತಿನಲ್ಲಿ ಮೀಟರ್ ತಿರುಗುತ್ತದೆಯೇ ನೋಡಿ, ಆಮೇಲೆ ಸಂಪ್‌ಗೆ ಎಷ್ಟು ಪೈಪ್ ಬಂದು ಬೀಳುತ್ತಿವೆ ಎಣಿಸಿ. ಎರಡು ಪೈಪ್ ಇದ್ದರೆ ಸಾಮಾನ್ಯವಾಗಿ ಒಂದು ಕಾವೇರಿ, ಇನ್ನೊಂದು ಬೋರ್. ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಇನ್ನೂ ಗೋಜಲು: ಮೂರೂ ನೀರು ಒಂದೇ ಸಂಪ್‌ಗೆ ಬಿದ್ದು, ಅಲ್ಲಿಂದ ಎಲ್ಲ ಮನೆಗೂ ಏರುತ್ತದೆ. ಅಸೋಸಿಯೇಷನ್‌ನವರ ಬಳಿ ಟ್ಯಾಂಕರ್ ಲೆಕ್ಕದ ಪುಸ್ತಕ ಇರುತ್ತದೆ. ತಿಂಗಳಿಗೆ ಎಷ್ಟು ಲೋಡ್ ಬಂತು ಎಂದು ಅದರಲ್ಲಿ ನೋಡಿದರೆ ನಿಮ್ಮ ನೀರಿನಲ್ಲಿ ಕಾವೇರಿ ಪಾಲು ಎಷ್ಟೆಂದು ಅಂದಾಜಾಗುತ್ತದೆ. ಕೇಳಲು ಹಿಂಜರಿಯಬೇಡಿ. ದುಡ್ಡು ಕೊಡುವವರು ನೀವು, ಕುಡಿಯುವವರು ನಿಮ್ಮ ಮಕ್ಕಳು.

ಹಂತ 2: ಸಂಪ್ ಮುಚ್ಚಳ ತೆಗೆದು ನೋಡಿ

ಹೆಚ್ಚಿನ ಮನೆಗಳಲ್ಲಿ ನೀರು ಕೆಡುವುದು ಇಲ್ಲಿ. 30x40 ಸೈಟಿನ ಮನೆಗಳಲ್ಲಿ ಸಂಪ್ ಸಾಮಾನ್ಯವಾಗಿ ಕಾರ್ ನಿಲ್ಲಿಸುವ ಜಾಗದ ಕೆಳಗೆ ಇರುತ್ತದೆ, ಮುಚ್ಚಳ ನೆಲದ ಮಟ್ಟಕ್ಕೇ ಇರುತ್ತದೆ. ಕಾರ್ ತೊಳೆದ ನೀರು, ಅಂಗಳ ಗುಡಿಸಿ ಸುರಿದ ನೀರು, ಜೋರು ಮಳೆಯ ನೀರು ಆ ಮುಚ್ಚಳದ ಅಂಚಿನಿಂದ ಒಳಗೆ ಇಳಿಯುತ್ತದೆ. ಟಾರ್ಚ್ ಹಾಕಿ ಸಂಪ್ ಬಾಯಿಯ ಒಳಗೋಡೆ ನೋಡಿ. ಮೇಲಿನಿಂದ ಕೆಳಕ್ಕೆ ಕಂದು ಗೀರುಗಳು ಎಳೆದಂತೆ ಇದ್ದರೆ ಹೊರಗಿನ ನೀರು ಅಲ್ಲಿಂದ ಇಳಿಯುತ್ತಿದೆ ಎಂದೇ ಅರ್ಥ. ಗೋಡೆಯ ನಡುವೆ ಒದ್ದೆ ಕಲೆ, ಬಿಳಿ ಬೇರಿನ ಎಳೆಗಳು ಕಂಡರೆ ಗೋಡೆ ಬಿರುಕು ಬಿಟ್ಟಿದೆ. ಸ್ಯಾನಿಟರಿ ಚೇಂಬರ್ ಸಂಪ್‌ನಿಂದ ಎಷ್ಟು ಅಡಿ ದೂರ ಇದೆ ಎಂದೂ ನೋಡಿ. ಹಳೆಯ ಮನೆಗಳಲ್ಲಿ ಎರಡೂ ಅಕ್ಕಪಕ್ಕ ಇರುವುದುಂಟು. ಚೇಂಬರ್ ಕಟ್ಟಿಕೊಂಡು ತುಂಬಿದ ದಿನ, ಬಿರುಕು ಬಿಟ್ಟ ಸಂಪ್ ಖಾಲಿ ಇದ್ದರೆ, ಕೊಳಕು ಯಾವ ಕಡೆ ಹರಿಯುತ್ತದೆಂದು ಹೇಳಬೇಕಾಗಿಲ್ಲ.

ಮುಚ್ಚಳದ ಸುತ್ತ ನಾಲ್ಕೈದು ಇಂಚು ಕಟ್ಟೆ ಎತ್ತರಿಸಿ, ಅಂಚನ್ನು ಹೊದ್ದುಕೊಳ್ಳುವಂಥ ಮುಚ್ಚಳ ಹಾಕಿಸುವುದು ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಯಾವ ಫಿಲ್ಟರ್‌ಗಿಂತಲೂ ಮೊದಲು ಮಾಡಬೇಕಾದ ಖರ್ಚು ಇದು ಎಂದು ನಾನು ಒತ್ತಿ ಹೇಳುತ್ತೇನೆ.

ಸಂಪ್ ಮತ್ತು ಮೇಲಿನ ಟ್ಯಾಂಕ್ ಎರಡನ್ನೂ ಆರು ತಿಂಗಳಿಗೊಮ್ಮೆ ತೊಳೆಸಿ. ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಚ್ಚಿದ ಸಂಪ್ ಒಳಗೆ ಆಮ್ಲಜನಕ ಕಡಿಮೆ ಇರಬಹುದು. ಇಳಿದವರು ಕೂಗಲೂ ಆಗದೆ ಕುಸಿದು ಬೀಳುತ್ತಾರೆ, ಎತ್ತಲು ಇಳಿದವರೂ ಹಾಗೇ ಆಗುತ್ತಾರೆ. ಕೆಲವು ಗಂಟೆ ಮುಚ್ಚಳ ತೆಗೆದಿಟ್ಟು ಗಾಳಿಯಾಡಲು ಬಿಡಿ. ಮೋಟರ್‌ನ ಮೇನ್ ಸ್ವಿಚ್ ಆಫ್ ಮಾಡಿ. ಒಬ್ಬರೇ ಇಳಿಯಬಾರದು, ಮೇಲೆ ಒಬ್ಬರು ನಿಂತೇ ಇರಬೇಕು. ಒಳಗೆ ನಿಂತು ಬ್ಲೀಚಿಂಗ್ ಪೌಡರ್‌ನಲ್ಲಿ ಉಜ್ಜುವುದು ಬೇಡ. ಬ್ಲೀಚಿಂಗ್ ಜೊತೆ ಆಸಿಡ್ ಸೇರಿದರೆ ವಿಷಗಾಳಿ ಏಳುತ್ತದೆ, ಎರಡನ್ನೂ ಹತ್ತಿರಕ್ಕೇ ತರಬೇಡಿ.

ಹಂತ 3: ಮನೆಯಲ್ಲೇ ಪರೀಕ್ಷೆ ಮಾಡಿ

ಮೊದಲು ಕಣ್ಣು, ಮೂಗು. ಬಿಳಿ ಬಟ್ಟಲಿನಲ್ಲಿ ನೀರು ಹಿಡಿದು ರಾತ್ರಿಯಿಡೀ ಬಿಡಿ. ಹಿಡಿದಾಗ ತಿಳಿಯಾಗಿದ್ದು ಬೆಳಿಗ್ಗೆ ಹಳದಿ-ಕಂದಾಗಿದ್ದರೆ ಕರಗಿದ ಕಬ್ಬಿಣ ಇದೆ. ಹಿಡಿದ ಕೂಡಲೇ ಕೆಂಪಗಿದ್ದರೆ ಪೈಪ್‌ನ ತುಕ್ಕು ಅಥವಾ ಮಣ್ಣು. ಬ್ಲೀಚಿಂಗ್ ವಾಸನೆ ಬಂದರೆ ಅದು ಕ್ಲೋರಿನ್, ಹೆದರಬೇಕಿಲ್ಲ, ಪಾತ್ರೆಯಲ್ಲಿ ಹಿಡಿದಿಟ್ಟರೆ ಹೋಗುತ್ತದೆ. ಚರಂಡಿ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಆ ನೀರನ್ನು ಕುದಿಸಿಯೂ ಕುಡಿಯಬೇಡಿ, ನೇರ ಹಂತ 7ಕ್ಕೆ ಹೋಗಿ. ಪಾತ್ರೆಯ ತಳದಲ್ಲಿ ಬಿಳಿ ಪದರ, ಸೋಪು ನೊರೆ ಬಾರದಿರುವುದು, ಬೇಳೆ ಎಷ್ಟು ಕೂಗಿಸಿದರೂ ಕರಗದಿರುವುದು, ಇವೆಲ್ಲ ಗಡಸು ನೀರಿನ ಲಕ್ಷಣ. ಅಡುಗೆ ಮನೆಯಲ್ಲಿರುವವರಿಗೆ ಇದು ಮೀಟರ್‌ಗಿಂತ ಮೊದಲೇ ಗೊತ್ತಾಗಿರುತ್ತದೆ.

ಆಮೇಲೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ಅಳತೆ. ಮೀಟರ್ ಅದ್ದಿದರೆ ಅಂಕಿ ಕಾಣುತ್ತದೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರ್‌ಗೆ 500 ಮಿಲಿಗ್ರಾಂವರೆಗೆ ಒಪ್ಪತಕ್ಕದ್ದು. ಬೇರೆ ಮೂಲವೇ ಇಲ್ಲದಿದ್ದರೆ 2000ವರೆಗೆ ಸಹಿಸಬಹುದು. ಕಾವೇರಿ ನೀರು ಸಾಮಾನ್ಯವಾಗಿ 500ಕ್ಕಿಂತ ಎಷ್ಟೋ ಕೆಳಗೆ ಇರುತ್ತದೆ. "ನಮ್ಮದು ಬರೀ ಕಾವೇರಿ" ಎಂದು ಓನರ್ ಹೇಳಿದ ಮನೆಯಲ್ಲಿ 900 ತೋರಿಸಿದರೆ ಬೋರ್ ಸೇರುತ್ತಿದೆ ಎಂದು ತಿಳಿಯಿರಿ.

ಈಗ ಅತಿ ಹೆಚ್ಚು ಜನ ಎಡವುವ ಜಾಗಕ್ಕೆ ಬರೋಣ. ಟಿಡಿಎಸ್ ಕಡಿಮೆ ಇದ್ದರೆ ನೀರು ಶುದ್ಧ ಎಂದಲ್ಲ. ಮೀಟರ್‌ಗೆ ಕಾಣುವುದು ಲವಣ ಮಾತ್ರ. ಕಾಲರಾ, ಟೈಫಾಯ್ಡ್, ಕಾಮಾಲೆ ತರುವ ಜೀವಿಗಳು ಅದಕ್ಕೆ ಕಾಣುವುದೇ ಇಲ್ಲ. ಟಿಡಿಎಸ್ 150 ಇರುವ ನೀರಿನಲ್ಲಿ ಒಳಚರಂಡಿ ಬೆರೆತಿರಬಹುದು, 700 ಇರುವ ಬೋರ್ ನೀರಿನಲ್ಲಿ ಒಂದೂ ಕ್ರಿಮಿ ಇಲ್ಲದಿರಬಹುದು.

ಇದೇ ಗೊಂದಲವನ್ನು ಬಳಸಿಕೊಂಡು ಮನೆಬಾಗಿಲಿಗೆ ಬರುವ ಮಾರಾಟಗಾರರು ಒಂದು ಪ್ರದರ್ಶನ ಮಾಡುತ್ತಾರೆ. ಎರಡು ಲೋಟ, ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು, ಅಂದರೆ ಯಂತ್ರದಲ್ಲಿ ಲವಣ ತೆಗೆದ ನೀರು. ಕಡ್ಡಿಗಳಿರುವ ಯಂತ್ರ ಅದ್ದಿ ಕರೆಂಟ್ ಕೊಟ್ಟರೆ ನಿಮ್ಮ ನೀರು ಕೊಚ್ಚೆಯಂತೆ ಕಂದಾಗುತ್ತದೆ, ಅವರದು ತಿಳಿಯಾಗೇ ಇರುತ್ತದೆ. ಆ ಕಂದು ನಿಮ್ಮ ನೀರಿನ ಕೊಳೆಯಲ್ಲ. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿದು ಕಬ್ಬಿಣದ ಕಡ್ಡಿಯೇ ಸವೆದು ಕರಗುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಕರೆಂಟ್ ಹೆಚ್ಚು ಹರಿಯದು, ಬಣ್ಣವೂ ಬಾರದು. ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿ ಎನ್ನಿ.

ಕ್ರಿಮಿಗಳ ವಿಷಯಕ್ಕೆ ಎರಡು ಪರೀಕ್ಷೆ. ಮೊದಲನೆಯದು ಕ್ಲೋರಿನ್. ಕಿಟ್‌ನ ಹನಿ ಹಾಕಿ, ಬಂದ ಬಣ್ಣವನ್ನು ಅದರ ಪಟ್ಟಿಗೆ ಹೋಲಿಸಬೇಕು. ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಇದನ್ನು ಮೂರು ಕಡೆ ಮಾಡಿ: ಮೀಟರ್ ಪಕ್ಕದ ನಲ್ಲಿ, ಸಂಪ್, ಅಡುಗೆ ಮನೆ. ಮೀಟರ್ ಹತ್ತಿರ ಕ್ಲೋರಿನ್ ಇದ್ದು ಅಡುಗೆ ಮನೆಯಲ್ಲಿ ಇಲ್ಲವೆಂದರೆ ನಡುವೆ ಸಂಪ್ ಅಥವಾ ಟ್ಯಾಂಕ್ ಅದನ್ನು ತಿಂದುಹಾಕಿದೆ. ಹೆಚ್ಚು ದಿನ ನಿಂತಿರಬೇಕು ಅಥವಾ ಕೊಳೆ ಇರಬೇಕು. ಎರಡನೆಯದು ಎಚ್‌2ಎಸ್ ಬಾಟಲಿ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ನೀರು ಕಪ್ಪಾದರೆ ಮಲದ ಕಲ್ಮಶ ಇರುವ ಸಾಧ್ಯತೆ ಬಲವಾಗಿದೆ. ಬಾಟಲಿಯ ಒಳಭಾಗಕ್ಕೆ ಬೆರಳು ತಾಗಿಸಬೇಡಿ, ಫಲಿತಾಂಶ ಕೆಡುತ್ತದೆ. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಟಾಯ್ಲೆಟ್‌ಗೆ ಸುರಿಯಿರಿ.

ಹಂತ 4: ಬೋರ್ ಅಥವಾ ಟ್ಯಾಂಕರ್ ಆದರೆ ಲ್ಯಾಬ್‌ಗೆ ಕೊಡಿ

ನೈಟ್ರೇಟ್, ಫ್ಲೋರೈಡ್ ಕಣ್ಣಿಗೆ, ನಾಲಿಗೆಗೆ ತಿಳಿಯುವಂಥವಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗಳು ನಗರದಲ್ಲಿ ಬೇಕಾದಷ್ಟಿವೆ. ದುಬಾರಿ ಪ್ಯಾಕೇಜ್ ಬೇಡ, ಇಷ್ಟು ಕೇಳಿ: ಪಿಎಚ್, ಟಿಡಿಎಸ್, ಗಡಸುತನ, ನೈಟ್ರೇಟ್, ಫ್ಲೋರೈಡ್, ಕಬ್ಬಿಣ, ಕೋಲಿಫಾರ್ಮ್ ಮತ್ತು ಇ. ಕೋಲಿ. ಕೊನೆಯ ಎರಡು ಬ್ಯಾಕ್ಟೀರಿಯಾ; ಇ. ಕೋಲಿ ಇದ್ದರೆ ಮಲದ ಕಲ್ಮಶ ಸೇರಿದೆ ಎಂದರ್ಥ.

ವರದಿ ಓದುವುದು ಕಷ್ಟವಲ್ಲ. ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಗಡಸುತನ ಲೀಟರ್‌ಗೆ 200 ಮಿಲಿಗ್ರಾಂವರೆಗೆ ಒಳ್ಳೆಯದು, 600 ಕೊನೆಯ ಮಿತಿ. ನೈಟ್ರೇಟ್ 45 ದಾಟಬಾರದು, ಇದಕ್ಕೆ ಸಡಿಲಿಕೆ ಇಲ್ಲ. ಫ್ಲೋರೈಡ್ 1, ಹೆಚ್ಚೆಂದರೆ 1.5. ಇ. ಕೋಲಿ 100 ಮಿಲಿಲೀಟರ್‌ನಲ್ಲಿ ಒಂದೂ ಕಾಣಬಾರದು.

ಸ್ಯಾಂಪಲ್ ತಪ್ಪಾದರೆ ವರದಿಯೂ ತಪ್ಪು. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬ್ ಕೊಡುವ ಬಾಟಲಿಯನ್ನೇ ಬಳಸಿ, ಅದನ್ನು ತೊಳೆಯಬೇಡಿ. ಒಳಗೆ ಕ್ಲೋರಿನ್ ತಡೆಯುವ ಪುಡಿ ಹಾಕಿರುತ್ತಾರೆ. ನಲ್ಲಿಯ ಜಾಲರಿ ಬಿಚ್ಚಿ, ಬಾಯಿ ಒರೆಸಿ, ಎರಡು ಮೂರು ನಿಮಿಷ ನೀರು ಹರಿಸಿ ಹಿಡಿಯಿರಿ. ಐಸ್ ಇಟ್ಟ ಡಬ್ಬದಲ್ಲಿ, ಆದಷ್ಟು ಆರು ಗಂಟೆಯೊಳಗೆ ತಲುಪಿಸಿ. ಉಳಿದ ಪರೀಕ್ಷೆಗಳಿಗೆ ಸ್ವಚ್ಛ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ತುಂಬಿದರೆ ಸಾಕು.

ಹಂತ 5: ಈಗ ಫಿಲ್ಟರ್ ನಿರ್ಧರಿಸಿ

*ಟಿಡಿಎಸ್ 500ಕ್ಕಿಂತ ಕಡಿಮೆ, ನೈಟ್ರೇಟ್ ಮತ್ತು ಫ್ಲೋರೈಡ್ ಮಿತಿಯೊಳಗೆ ಇದ್ದರೆ* ನಿಮಗೆ ಆರ್‌ಒ ಬೇಡ. ಆರ್‌ಒ ಎಂದರೆ ಅತಿ ಸೂಕ್ಷ್ಮ ಪೊರೆಯ ಮೂಲಕ ಒತ್ತಡದಲ್ಲಿ ನೀರನ್ನು ದಾಟಿಸಿ ಲವಣ ತೆಗೆಯುವ ವಿಧಾನ. ಮನೆಯಲ್ಲಿಡುವ ಯಂತ್ರಗಳು ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಹಾಕುತ್ತವೆ. ನೂರು ಕಿಲೋಮೀಟರ್ ಆಚೆಯಿಂದ ಎತ್ತಿ ತಂದ ಕಾವೇರಿಯನ್ನು ಹೀಗೆ ಸಿಂಕ್‌ಗೆ ಬಿಡುವುದು ನನಗೆ ಸಹಿಸಲಾಗದ ವಿಷಯ. ಟಿಡಿಎಸ್ 500ರ ಕೆಳಗಿರುವ ಕಡೆ ಆರ್‌ಒ ಬಳಕೆ ತಡೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಇಂಥ ನೀರಿಗೆ ಯುವಿ ಅಥವಾ ಯುಎಫ್ ಸಾಕು. ಯುವಿ ಎಂದರೆ ನೇರಳಾತೀತ ಬೆಳಕಿನಿಂದ ಕ್ರಿಮಿ ಕೊಲ್ಲುವುದು. ಕರೆಂಟ್ ಬೇಕು, ನೀರು ತಿಳಿಯಾಗಿರಬೇಕು, ದೀಪವನ್ನು ಹೇಳಿದ ಅವಧಿಗೆ ಬದಲಿಸಬೇಕು. ಯುಎಫ್ ಎಂದರೆ ಸೂಕ್ಷ್ಮ ನಾಳಗಳಲ್ಲಿ ಸೋಸುವುದು, ಕರೆಂಟ್ ಬೇಡ. ಎರಡೂ ಬೇಡವೆಂದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ, ಆರಿಸಿ, ಮುಚ್ಚಿಟ್ಟು ಕುಡಿಯಿರಿ. ಅಜ್ಜಿಯರ ಈ ಕ್ರಮ ಕ್ರಿಮಿಗಳ ಮಟ್ಟಿಗೆ ಇವತ್ತಿಗೂ ಅಷ್ಟೇ ಗಟ್ಟಿ.

*ಟಿಡಿಎಸ್ ಹೆಚ್ಚು, ಅಥವಾ ನೈಟ್ರೇಟ್, ಫ್ಲೋರೈಡ್ ಮಿತಿ ದಾಟಿದ್ದರೆ* ಆರ್‌ಒ ಬೇಕು. ಇಲ್ಲಿ ಕುದಿಸುವುದು ಪರಿಹಾರವಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟ್ ಸಾಂದ್ರವಾಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಬಾಟಲಿ ಹಾಲು ಕಲಸುವವರು ಇದನ್ನು ಮರೆಯಬಾರದು. ನೈಟ್ರೇಟ್ ಹೆಚ್ಚಾದರೆ ಮಗುವಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟುತ್ತದೆ. ಆರ್‌ಒ ಹೊರಹಾಕುವ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ಗಿಡಗಳಿಗೆ ಬೇಡ, ಲವಣ ಮಣ್ಣಿನಲ್ಲಿ ಕೂರುತ್ತದೆ.

*ಗಡಸುತನ ಮಾತ್ರ ಹೆಚ್ಚಿದ್ದು, ಗೀಸರ್, ಕೂದಲು, ನಲ್ಲಿ ಹಾಳಾಗುತ್ತಿದ್ದರೆ* ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸಬಹುದು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಟಿಡಿಎಸ್ ಇಳಿಯುವುದಿಲ್ಲ, ಕ್ರಿಮಿ ಸಾಯುವುದಿಲ್ಲ. ಸಾಫ್ಟ್‌ನರ್ ನೀರನ್ನು ಹಾಗೇ ಕುಡಿಯಬೇಡಿ, ಮನೆಯಲ್ಲಿ ಬಿ.ಪಿ. ಇರುವವರಿದ್ದರಂತೂ ಬೇಡವೇ ಬೇಡ.

ಇನ್ನೊಂದು ಮಾತು: ಫಿಲ್ಟರ್‌ನೊಳಗಿನ ಇದ್ದಿಲ ಪದರ ಕ್ಲೋರಿನ್ ಹೀರಿಬಿಡುತ್ತದೆ. ಆಮೇಲೆ ಅದರ ತೊಟ್ಟಿಯಲ್ಲಿ ನಿಂತ ನೀರಿಗೆ ಕಾವಲು ಇಲ್ಲ. ಊರಿಗೆ ಹೋಗಿ ಬಂದ ಮೇಲೆ ಆ ತೊಟ್ಟಿಯ ನೀರು ಚೆಲ್ಲಿ, ಹೊಸದಾಗಿ ತುಂಬಿ.

ಹಂತ 6: ಟ್ಯಾಂಕರ್, ಕ್ಯಾನ್ ತರಿಸುವಾಗ

ಟ್ಯಾಂಕರ್ ಪೈಪ್ ಸಂಪ್‌ಗೆ ಇಳಿಸುವ ಮುಂಚೆ ಡ್ರೈವರ್‌ಗೆ ಹೇಳಿ ಒಂದು ಚೊಂಬು ನೀರು ಹಿಡಿಸಿ. ಬಣ್ಣ, ವಾಸನೆ, ಟಿಡಿಎಸ್ ನೋಡಿ, ಬರೆದಿಡಿ. ಹಿಂದಿನ ಲೋಡ್‌ಗಿಂತ ಅಂಕಿ ತುಂಬ ಬೇರೆಯಾದರೆ ಮೂಲ ಬದಲಾಗಿದೆ, ಎಲ್ಲಿಯದೆಂದು ಕೇಳಿ. ರಸ್ತೆಯಲ್ಲಿ ಎಳೆದು ತಂದ ಪೈಪ್ ತುದಿಯನ್ನು ತೊಳೆದೇ ಒಳಗೆ ಬಿಡಬೇಕು. ಜಲಮಂಡಳಿಯ 'ಸಂಚಾರಿ ಕಾವೇರಿ' ಟ್ಯಾಂಕರ್ ನಿಮ್ಮ ಕಡೆ ಸಿಗುವುದಾದರೆ ಅದಕ್ಕೇ ನನ್ನ ಮತ.

ಬೋರ್ ಟ್ಯಾಂಕರ್ ನೀರಿಗೆ ಕ್ಲೋರಿನ್ ನೀವೇ ಹಾಕಬೇಕು. ತಿಳಿ ನೀರಾದರೆ 1000 ಲೀಟರ್‌ಗೆ ಸುಮಾರು 2.5 ಗ್ರಾಂ, ಅಂದರೆ ಅರ್ಧ ಟೀ ಚಮಚದಷ್ಟು, ಹೊಸ ಬ್ಲೀಚಿಂಗ್ ಪೌಡರ್ ಸಾಕು. ಪುಡಿಯನ್ನು ನೇರ ಸಂಪ್‌ಗೆ ಎಸೆಯಬೇಡಿ. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸುರಿದು, ಒಂದು ಗಂಟೆ ಬಿಟ್ಟು ಕ್ಲೋರಿನ್ ಕಿಟ್‌ನಲ್ಲಿ ನೋಡಿ. ವರ್ಷದಿಂದ ಬಾಯಿ ತೆರೆದಿಟ್ಟ ಪೌಡರ್‌ನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ.

20 ಲೀಟರ್ ಕ್ಯಾನ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಿಕೆ ದಿನಾಂಕ, ಒಡೆಯದ ಸೀಲ್ ಮೂರೂ ಇರಬೇಕು. ಅಂಗಡಿ ಮುಂದೆ ಬಿಸಿಲಲ್ಲಿ ಜೋಡಿಸಿಟ್ಟ ಕ್ಯಾನ್ ಬೇಡ. ಬಡಾವಣೆಯ ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ಹಿಡಿದು ತರುವವರು ತಮ್ಮ ಕ್ಯಾನ್ ಒಳಗೆ ಕೈ ಹೋಗುವುದಿಲ್ಲ ಎಂದು ತೊಳೆಯದೇ ಬಿಟ್ಟುಬಿಡುತ್ತಾರೆ. ವಾರಕ್ಕೊಮ್ಮೆ ಒಂದು ಹಿಡಿ ಕಲ್ಲುಪ್ಪು, ಸ್ವಲ್ಪ ಬಿಸಿನೀರು ಹಾಕಿ ಜೋರಾಗಿ ಕುಲುಕಿ ತೊಳೆಯಿರಿ.

ಹಂತ 7: ಕಾವೇರಿಯಲ್ಲೇ ಕೊಳಕು ಬಂದರೆ

ಹಲವು ಬಡಾವಣೆಗಳಲ್ಲಿ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ನೀರಿಲ್ಲದ ಹೊತ್ತಿನಲ್ಲಿ ಪೈಪ್ ಖಾಲಿಯಾಗಿ, ಸೋರುವ ಜಾಗದಿಂದ ಸುತ್ತಲಿನ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ನೀರು ಬಂದ ಮೊದಲ ಕೆಲವು ನಿಮಿಷ ಸಂಪ್‌ಗೆ ಬಿಡದೆ ಹೊರಗಿನ ನಲ್ಲಿಯಲ್ಲಿ ಬಕೆಟ್‌ಗೆ ಹಿಡಿದು, ತಿಳಿಯಾದ ಮೇಲೆ ಸಂಪ್ ವಾಲ್ವ್ ತೆರೆಯಿರಿ.

ಚರಂಡಿ ವಾಸನೆ ನಿಲ್ಲದಿದ್ದರೆ ವಾಲ್ವ್ ಮುಚ್ಚಿ. ಪಕ್ಕದ ಮೂರ್ನಾಲ್ಕು ಮನೆಯವರನ್ನು ವಿಚಾರಿಸಿ. ಎಲ್ಲರಿಗೂ ಹಾಗೇ ಬರುತ್ತಿದ್ದರೆ ರಸ್ತೆಯ ಲೈನ್‌ನಲ್ಲಿ ದೋಷ, ನಿಮಗೊಬ್ಬರಿಗೇ ಆದರೆ ನಿಮ್ಮ ಮನೆಯ ಸಂಪರ್ಕದ ಪೈಪ್‌ನಲ್ಲಿ. ಲೈನ್‌ನ ದೋಷಕ್ಕೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ, ಆರ್‌ಆರ್ ನಂಬರ್ ಕೊಟ್ಟು, ದೂರಿನ ಸಂಖ್ಯೆ ಪಡೆಯಿರಿ. ಅಕ್ಕಪಕ್ಕದವರೂ ತಮ್ಮ ತಮ್ಮ ನಂಬರ್‌ನಲ್ಲಿ ಬೇರೆ ಬೇರೆ ದೂರು ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಇಂಜಿನಿಯರ್ ಬರುವಷ್ಟರಲ್ಲಿ ನೀರು ತಿಳಿಯಾಗಿಬಿಟ್ಟರೆ ತೋರಿಸಲು ಏನೂ ಇರುವುದಿಲ್ಲ. ಅದಕ್ಕೆ ಗಾಜಿನ ಬಾಟಲಿಯಲ್ಲಿ ಸ್ಯಾಂಪಲ್ ಹಿಡಿದು, ದಿನ ಮತ್ತು ಗಂಟೆ ಬರೆದ ಚೀಟಿ ಅಂಟಿಸಿಡಿ. ರಿಪೇರಿ ಮುಗಿದ ಮೇಲೂ ಸಂಪ್, ಮೇಲಿನ ಟ್ಯಾಂಕ್ ಎರಡನ್ನೂ ಖಾಲಿ ಮಾಡಿ ತೊಳೆಸಿ, ಹೊಸ ನೀರು ತುಂಬಿ, ಇನ್ನೊಂದು ಎಚ್‌2ಎಸ್ ಬಾಟಲಿ ಇಟ್ಟು ನೋಡಿ. ಅದು ಕಪ್ಪಾಗದೇ ಉಳಿಯುವವರೆಗೆ ಕುಡಿಯಲು, ಹಲ್ಲುಜ್ಜಲು, ತರಕಾರಿ ತೊಳೆಯಲು ಬೇರೆ ಕಡೆಯ ಒಳ್ಳೆಯ ನೀರನ್ನೇ ಬಳಸಿ.